ಹಾಡುವ ವಿದ್ಯೆ, ಹಾಡಿಸುವ ವಿದ್ಯೆ



ಈ ವಾರ ನನ್ನ ಮೇಜಿನ ಮೇಲೆ ತುಮಕೂರಿನ ತಾತ ಒಬ್ಬರ ಪತ್ರವಿದೆ. ಅವರು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಬರೆದದ್ದನ್ನು ಹಾಗೆಯೇ ಕೊಡುತ್ತೇನೆ:

“ಮಗ, ಸೊಸೆ ಅಮೆರಿಕದಲ್ಲಿದ್ದಾರೆ. ಮೊಮ್ಮಗಳು ಅಲ್ಲೇ ಹನ್ನೊಂದನೇ ತರಗತಿ. ವಾರಕ್ಕೊಂದು ದಿನ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುತ್ತಾಳೆ, ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಮೊನ್ನೆ ಫೋನಿನಲ್ಲಿ, ‘ತಾತ, ನಾನು ಮ್ಯೂಸಿಕ್ ಎಜುಕೇಶನ್‌ನಲ್ಲಿ ಡಿಗ್ರಿ ಮಾಡ್ತೀನಿ, ಸ್ಕೂಲಲ್ಲಿ ಮ್ಯೂಸಿಕ್ ಟೀಚರ್ ಆಗ್ತೀನಿ’ ಅಂದಳು. ಏನು ಹೇಳಬೇಕೋ ತೋಚಲಿಲ್ಲ. ಹಾಡಲು ಬರುವವರಿಗೆ ಹೇಳಿಕೊಡಲು ಬರುವುದಿಲ್ಲವೇ? ಅದಕ್ಕೂ ನಾಲ್ಕು ವರ್ಷ ಓದಬೇಕೇ? ಓದಿ ಏನು ಸಿಗುತ್ತದೆ? ಮಗ ‘ಅಪ್ಪ, ನೀವೇ ಒಂದು ಮಾತು ಹೇಳಿ’ ಅನ್ನುತ್ತಿದ್ದಾನೆ.”

ತಾತನವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಸಂಗೀತದಲ್ಲಿ ಪದವಿ ಎಂದರೆ ನಮಗೆ ಕಣ್ಣ ಮುಂದೆ ಬರುವುದು ತಂಬೂರಿ, ವೇದಿಕೆ, ಕಛೇರಿ. ಆದರೆ ಮೊಮ್ಮಗಳು ಕೇಳುತ್ತಿರುವುದು ಕಛೇರಿ ಮಾಡುವ ಓದನ್ನಲ್ಲ. ಮೂವತ್ತು ಮಕ್ಕಳ ಒಂದು ತರಗತಿಯನ್ನು ಹಾಡಿಸುವ ಓದನ್ನು. ಈ ಎರಡೂ ಬೇರೆ ಬೇರೆ ವಿದ್ಯೆ. ಹೇಗೆ ಬೇರೆ ಎಂದು ನೋಡೋಣ ಬನ್ನಿ.

ಕೈಗೆ ಬಂದದ್ದು ಬಾಯಿಗೆ ಬರುವುದಿಲ್ಲ

ಮಕ್ಕಳೇ, ನಿಮಗೆ ಸೈಕಲ್ ಹೊಡೆಯಲು ಬರುತ್ತದೆ ತಾನೇ? ನಿಮ್ಮ ತಂಗಿಗೆ ಕಲಿಸಿ ನೋಡಿ. “ಸುಮ್ನೆ ತುಳಿಯೇ, ಬ್ಯಾಲೆನ್ಸ್ ತಾನಾಗೇ ಬರುತ್ತೆ” ಎನ್ನುವುದರ ಆಚೆಗೆ ಮಾತೇ ಹೊರಡುವುದಿಲ್ಲ. ಅಜ್ಜಿಯನ್ನು ಕೇಳಿ ನೋಡಿ, “ಸಾರಿಗೆ ಹುಳಿ ಎಷ್ಟು ಹಾಕ್ತೀಯ?” “ಅಷ್ಟೇ ಕಣೋ, ಕಣ್ಣಂದಾಜು” ಎನ್ನುತ್ತಾರೆ. ಐವತ್ತು ವರ್ಷ ಸಾರು ಮಾಡಿದ ಕೈಗೆ ಎಲ್ಲವೂ ಗೊತ್ತು. ಆದರೆ ಅದನ್ನು ಬಿಡಿಸಿ, ಮೊದಲು ಇದು ಆಮೇಲೆ ಅದು ಎಂದು ಹೇಳುವುದು ಬೇರೆಯೇ ಕೆಲಸ.

ಈ ಕೆಲಸದ ಬೆಲೆ ನಮ್ಮ ನಾಡಿಗೆ ಹೊಸದಲ್ಲ. ಪುರಂದರದಾಸರನ್ನು ನಾವು ಕರ್ನಾಟಕ ಸಂಗೀತದ ಪಿತಾಮಹ ಎನ್ನುತ್ತೇವೆ. ಅವರು ರಚಿಸಿದ ಪದಗಳಿಗಾಗಿ ಮಾತ್ರ ಈ ಗೌರವವಲ್ಲ. ಪಾಠದ ಕ್ರಮವನ್ನು ಹಾಕಿಕೊಟ್ಟವರೂ ಅವರೇ ಎಂದು ಪರಂಪರೆ ಹೇಳುತ್ತದೆ. ಮೊದಲು ಸರಳೆ ವರಸೆ, ಆಮೇಲೆ ಜಂಟಿ ವರಸೆ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ. ಮೆಟ್ಟಿಲ ಮೇಲೆ ಮೆಟ್ಟಿಲು.

ಮೊದಲ ಪಾಠಕ್ಕೆ ಮಾಯಾಮಾಳವಗೌಳ ರಾಗವೇ ಏಕೆ? ಹಾರ್ಮೋನಿಯಂ ಇದ್ದವರು ಮನೆ ಎಣಿಸಿ ನೋಡಿ. ಸ, ರಿ, ಗ, ಮ ಈ ನಾಲ್ಕರ ನಡುವೆ ಎಷ್ಟೆಷ್ಟು ಅಂತರವಿದೆಯೋ, ಪ, ದ, ನಿ, ಮೇಲಿನ ಸ ಈ ನಾಲ್ಕರ ನಡುವೆಯೂ ಅಷ್ಟಷ್ಟೇ ಇದೆ. ಕೆಳಗಿನ ಅರ್ಧ ಕಲಿತ ಮಗುವಿಗೆ ಮೇಲಿನ ಅರ್ಧ ಆಗಲೇ ಪರಿಚಯ. ಮಗುವಿನ ಕಡೆಯಿಂದ ಯೋಚಿಸಿ ಹಾಕಿದ ಪಾಠ ಎಂದರೆ ಇದು. ತುಮಕೂರಿನ ತಾತನವರ ಮೊಮ್ಮಗಳು ಓದಲು ಹೊರಟಿರುವುದು ಇಂಥ ಯೋಚನೆಯನ್ನೇ.

ಬ್ಯಾಂಕಿನ ಗುಮಾಸ್ತ ಮಾಡಿದ ಕೆಲಸ

ಅಮೆರಿಕದಲ್ಲಿ ಈ ಓದು ಎಲ್ಲಿಂದ ಶುರುವಾಯಿತು? ತಾತನವರಿಗೆ ಖುಷಿಯಾಗುವ ಸಂಗತಿ ಒಂದಿದೆ. ಅದರ ಮೊದಲಿನವರಲ್ಲಿ ಒಬ್ಬರು ಬ್ಯಾಂಕಿನಲ್ಲಿ ಕೆಲಸ ಮಾಡಿದವರು!

ಅವರ ಹೆಸರು ಲೋವೆಲ್ ಮೇಸನ್. ಹುಟ್ಟಿದ್ದು 1792ರಲ್ಲಿ. ಸವಾನ್ನಾ ಎಂಬ ಊರಿನ ಬ್ಯಾಂಕಿನಲ್ಲಿ ದುಡಿಯುತ್ತ, ಬಿಡುವಿನಲ್ಲಿ ಸಂಗೀತ ಕಲಿತರು, ಚರ್ಚಿನಲ್ಲಿ ಹಾಡಿಸಿದರು. ಆಮೇಲೆ ಬಾಸ್ಟನ್ ನಗರಕ್ಕೆ ಬಂದು ಮಕ್ಕಳಿಗೆ ಹಾಡು ಕಲಿಸತೊಡಗಿದರು. ಆಗ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಸಂಗೀತ ಒಂದು ಪಾಠವಾಗಿರಲಿಲ್ಲ. ಹಾಡು ಎಂಬುದು ಹುಟ್ಟಿನಿಂದ ಬರಬೇಕು, ಎಲ್ಲರಿಗೂ ಕಲಿಸುವಂಥದ್ದಲ್ಲ ಎಂಬುದು ಅನೇಕರ ನಂಬಿಕೆ. ಮೇಸನ್ ಮತ್ತು ಗೆಳೆಯರು, “ಓದಲು ಕಲಿಯುವ ಮಗು ಹಾಡಲೂ ಕಲಿಯಬಲ್ಲದು” ಎಂದು ವಾದಿಸಿದರು. ನಗರದ ಶಾಲಾ ಸಮಿತಿ ಈ ಮಾತನ್ನು ಮೂರು ಒರೆಗಲ್ಲಿಗೆ ಹಚ್ಚಿ ನೋಡಿತು. ಸಂಗೀತದಿಂದ ಮಗುವಿನ ಬುದ್ಧಿಗೆ ಒಳ್ಳೆಯದೇ? ನಡತೆಗೆ ಒಳ್ಳೆಯದೇ? ದೇಹಕ್ಕೆ ಒಳ್ಳೆಯದೇ? ಮೂರಕ್ಕೂ ಹೌದು ಎಂದು ಒಪ್ಪಿತು. ಆದರೆ ದುಡ್ಡು ಮಾತ್ರ ಬರಲಿಲ್ಲ.

ಮೇಸನ್ ಕಾಯಲಿಲ್ಲ. 1837ರಲ್ಲಿ ಒಂದು ಶಾಲೆಗೆ ಹೋಗಿ ವರ್ಷಪೂರ್ತಿ ಸಂಬಳವಿಲ್ಲದೆ ಕಲಿಸಿದರು. ವರ್ಷದ ಕೊನೆಗೆ ಮಕ್ಕಳು ಹಾಡಿದ್ದನ್ನು ಊರವರು ಕೇಳಿದರು. 1838ರಲ್ಲಿ ಬಾಸ್ಟನ್ ನಗರ ಸಂಗೀತವನ್ನು ಶಾಲೆಯ ಪಾಠವಾಗಿ ಒಪ್ಪಿಕೊಂಡಿತು. ಲೆಕ್ಕ, ಭೂಗೋಳದ ಹಾಗೆ ಅದೂ ಒಂದು ವಿಷಯ.

ಒಪ್ಪಿಕೊಂಡದ್ದಾಯಿತು, ಕಲಿಸುವವರು ಎಲ್ಲಿ? ಹಾಡಲು ಬರುವವರು ಬೇಕಾದಷ್ಟಿದ್ದರು. ತರಗತಿಯನ್ನು ಹಾಡಿಸಲು ಬರುವವರು ಕಡಿಮೆ. ಮೇಸನ್ 1830ರ ದಶಕದಲ್ಲೇ ಶಿಕ್ಷಕರಿಗೆಂದು ಬೇರೆ ತರಗತಿ ನಡೆಸುತ್ತಿದ್ದರು. ಹತ್ತಾರು ವರ್ಷಗಳಲ್ಲಿ ಅಂಥ ತರಗತಿಗಳು ಬೆಳೆದು, ಶಿಕ್ಷಕರ ತರಬೇತಿ ಶಾಲೆಗಳಿಗೂ ಹೋಗಿ, ಕೊನೆಗೆ 1920ರ ದಶಕದ ಆರಂಭದಲ್ಲಿ ಒಹಾಯೊ ರಾಜ್ಯದ ಓಬರ್ಲಿನ್ ಕಾಲೇಜಿನಲ್ಲಿ ನಾಲ್ಕು ವರ್ಷದ ಪದವಿಯ ರೂಪ ಪಡೆದವು. ಇಂದು ಅಮೆರಿಕದ ನೂರಾರು ಕಾಲೇಜುಗಳಲ್ಲಿ ಈ ಪದವಿ ಇದೆ.

ನಾಲ್ಕು ವರ್ಷ ಏನು ಓದುತ್ತಾರೆ?

ಕಾಲೇಜಿನಿಂದ ಕಾಲೇಜಿಗೆ ಸ್ವಲ್ಪ ಹೆಚ್ಚು ಕಡಿಮೆ ಇದ್ದರೂ ಮುಖ್ಯವಾದ ಪಾಠಗಳು ಎಲ್ಲ ಕಡೆ ಒಂದೇ ತೆರ.

ಸೇರುವ ಮೊದಲೇ ಒಂದು ಪರೀಕ್ಷೆ. ಹೆಚ್ಚಿನ ಕಡೆ ವಿದ್ಯಾರ್ಥಿ ತನ್ನ ಮುಖ್ಯ ವಾದ್ಯವನ್ನು ಅಧ್ಯಾಪಕರ ಮುಂದೆ ನುಡಿಸಿ ತೋರಿಸಬೇಕು, ಗಾಯಕರಾದರೆ ಹಾಡಬೇಕು. ಸೇರಿದ ಮೇಲೆ ವಾರವಾರವೂ ಆ ವಾದ್ಯದ ಪಾಠ, ದಿನದಿನವೂ ಸಾಧನೆ. ಕಲಿಸುವವರು ತಾವು ಚೆನ್ನಾಗಿ ನುಡಿಸದಿದ್ದರೆ ಹೇಗೆ? ಪದವಿ ಮುಗಿಯುವುದರೊಳಗೆ ಒಬ್ಬರೇ ನಿಂತು ಒಂದು ಕಛೇರಿ ಕೊಡಬೇಕು ಎಂಬ ನಿಯಮ ಅನೇಕ ಕಾಲೇಜುಗಳಲ್ಲಿದೆ.

ಜೊತೆಗೆ ಕಿವಿಯ ಪಾಠ. ಅಧ್ಯಾಪಕರು ಪಿಯಾನೊದಲ್ಲಿ ಒಂದು ಸಾಲು ನುಡಿಸುತ್ತಾರೆ, ವಿದ್ಯಾರ್ಥಿಗಳು ಅದನ್ನು ಕೇಳಿ ಐದು ಗೆರೆಗಳ ಸ್ವರಲಿಪಿಯಲ್ಲಿ ಬರೆಯಬೇಕು. ಇನ್ನೊಮ್ಮೆ ಇದರ ತಿರುಗುಮುರುಗು. ಎಂದೂ ನೋಡದ ಹಾಳೆ ಕೊಡುತ್ತಾರೆ, ನೋಡುತ್ತಲೇ ಹಾಡಬೇಕು. ಕರ್ನಾಟಕ ಸಂಗೀತ ಕಲಿತ ಮಕ್ಕಳಿಗೆ ಇಲ್ಲಿ ಒಂದು ಅನುಕೂಲ, ಒಂದು ಅನನುಕೂಲ. ಸ ರಿ ಗ ಮ ಹಾಡಿ ಪಳಗಿದ ಕಿವಿ, ತಾಳ ಹಾಕಿ ಪಳಗಿದ ಕೈ ದೊಡ್ಡ ಆಸ್ತಿ. ಆದರೆ ಅಲ್ಲಿಯ ಪ್ರವೇಶ ಪರೀಕ್ಷೆ, ಅಲ್ಲಿಯ ಸ್ವರಲಿಪಿ ಹೆಚ್ಚಿನ ಕಡೆ ಪಾಶ್ಚಾತ್ಯ ಸಂಗೀತದ್ದು. ಅದನ್ನು ಬೇರೆಯಾಗಿ ಕಲಿಯಲೇಬೇಕು.

ಇನ್ನು ಮಕ್ಕಳಿಗೆ ನಗು ಬರುವ ಪಾಠ. ಮೈಸೂರು ದಸರೆಯಲ್ಲಿ ಪೊಲೀಸ್ ಬ್ಯಾಂಡನ್ನು ನೋಡಿದ್ದೀರಲ್ಲ? ಅಮೆರಿಕದ ಅನೇಕ ಶಾಲೆಗಳಲ್ಲಿ ಮಕ್ಕಳದೇ ಅಂಥ ಬ್ಯಾಂಡು ಇರುತ್ತದೆ. ಪಿಟೀಲುಗಳ ವಾದ್ಯಗೋಷ್ಠಿ, ಗಾಯನವೃಂದಗಳೂ ಇರುತ್ತವೆ. ಟೀಚರಿಗೆ ತನ್ನ ಒಂದು ವಾದ್ಯ ಬಂದರೆ ಸಾಲದು. ಹತ್ತು ವರ್ಷದ ಹುಡುಗ ಹೊಸ ತುತ್ತೂರಿ ಹಿಡಿದು ಬಂದು, “ಮಿಸ್, ಇದು ಊದಿದರೆ ಬರೀ ಗಾಳಿ ಬರುತ್ತೆ” ಎಂದರೆ ಏನು ಮಾಡುವುದು? ಅದಕ್ಕಾಗಿ ವಿದ್ಯಾರ್ಥಿಗಳು ತಂತಿವಾದ್ಯ, ಕೊಳಲು ಕ್ಲಾರಿನೆಟ್‌ಗಳ ಗುಂಪು, ಹಿತ್ತಾಳೆ ವಾದ್ಯ, ತಾಳವಾದ್ಯ ಹೀಗೆ ಒಂದೊಂದು ಗುಂಪಿನದೂ ಮೊದಲ ಪಾಠಗಳನ್ನು ಕಲಿಯುತ್ತಾರೆ. ಕ್ಲಾರಿನೆಟ್‌ನಲ್ಲಿ ಪಳಗಿದ ಹುಡುಗಿ ಪಿಟೀಲು ಹಿಡಿದು ಕಿರ್ರೆನ್ನಿಸುತ್ತಾಳೆ. ಪಿಟೀಲಿನಲ್ಲಿ ಜಾಣನಾದವನು ತುತ್ತೂರಿ ಊದಿದರೆ ಎಮ್ಮೆ ಕೂಗಿದಂತೆ ಕೇಳುತ್ತದೆ. ಇದರಿಂದ ಒಂದು ದೊಡ್ಡ ಲಾಭವಿದೆ. ಏನೂ ಬಾರದ ಮಗುವಿಗೆ ಹೇಗನ್ನಿಸುತ್ತದೆ ಎಂಬುದು ಇಪ್ಪತ್ತನೇ ವಯಸ್ಸಿನಲ್ಲಿ ಮತ್ತೊಮ್ಮೆ ನೆನಪಾಗುತ್ತದೆ.

ಬ್ಯಾಂಡಿನಲ್ಲಿ ಇನ್ನೊಂದು ತೊಡಕು. ಹಾಳೆಯಲ್ಲಿ ‘ಸಿ’ ಎಂಬ ಸ್ವರ ಬರೆದಿದೆ ಎನ್ನಿ. ಸಾಮಾನ್ಯವಾದ ಕ್ಲಾರಿನೆಟ್‌ನಲ್ಲಿ ಅದನ್ನು ನುಡಿಸಿದರೆ ಕೇಳಿಸುವುದು ಪಿಯಾನೊದ ‘ಬಿ ಫ್ಲಾಟ್’. ಆಲ್ಟೊ ಸ್ಯಾಕ್ಸೊಫೋನ್‌ನಲ್ಲಿ ನುಡಿಸಿದರೆ ‘ಇ ಫ್ಲಾಟ್’. ಕೊಳಲಿನಲ್ಲಿ ನುಡಿಸಿದರೆ ‘ಸಿ’ಯೇ. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಂದೊಂದು ವಾದ್ಯದ ಮನೆ ಒಂದೊಂದು ಶ್ರುತಿಯಲ್ಲಿದೆ. ಅರುವತ್ತು ಮಕ್ಕಳ ಮುಂದೆ ನಿಂತ ಟೀಚರು ಎಲ್ಲರ ಸಾಲುಗಳನ್ನೂ ಒಟ್ಟಿಗೆ ನೋಡುತ್ತ, ಮನಸ್ಸಿನಲ್ಲೇ ಶ್ರುತಿ ಬದಲಿಸಿಕೊಳ್ಳುತ್ತ, “ಮೂರನೇ ಸಾಲಿನ ಕ್ಲಾರಿನೆಟ್, ನಿನ್ನದು ಸ್ವಲ್ಪ ಮೇಲಾಯಿತು” ಎಂದು ಗುರುತಿಸಬೇಕು. ಅಂದ ಹಾಗೆ, ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ತಂದದ್ದು ಈ ಆಲ್ಟೊ ಸ್ಯಾಕ್ಸೊಫೋನನ್ನೇ. ಅವರಿಗೆ ಆ ವಾದ್ಯದ ಮೇಲೆ ಮೋಹ ಹುಟ್ಟಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿದ ಮೇಲೆ.

ಇಷ್ಟಾದ ಮೇಲೆ ಮಕ್ಕಳ ಬಗ್ಗೆಯೇ ಪಾಠ. ಮಗುವಿನ ದನಿ ದೊಡ್ಡವರ ದನಿಗಿಂತ ಮೇಲಿನದು. ಟೀಚರು ತನಗೆ ಹಿತವಾದ ತಗ್ಗಿನ ಶ್ರುತಿಯಲ್ಲಿ ಹಾಡಿಸಿದರೆ ಪುಟ್ಟ ಮಕ್ಕಳು ಗಂಟಲು ಒತ್ತಿ ಗೊಣಗಿದಂತೆ ಹಾಡುತ್ತಾರೆ. ತಪ್ಪು ಮಕ್ಕಳದಲ್ಲ, ಶ್ರುತಿಯದು. ಹೈಸ್ಕೂಲಿಗೆ ಬರುವ ಹೊತ್ತಿಗೆ ಹುಡುಗರ ದನಿ ಒಡೆಯುತ್ತದೆ. ನಿನ್ನೆ ಹಾಡಿದ್ದು ಇಂದು ಹಾಡಲು ಆಗುವುದಿಲ್ಲ. ಆಗ ಅವನನ್ನು ಗುಂಪಿನಿಂದ ಹೊರಗೆ ಹಾಕದೆ, ಅವನಿಗೆ ಎಟುಕುವ ನಾಲ್ಕೇ ಸ್ವರಗಳಲ್ಲಿ ಒಂದು ಸಾಲು ಕಟ್ಟಿಕೊಡುವುದು ಹೇಗೆ? ಇದೂ ಒಂದು ಪಾಠ.

ಕೊನೆಯ ವರ್ಷ ಒಂದು ಸೆಮಿಸ್ಟರ್ ನಿಜವಾದ ಶಾಲೆಯಲ್ಲಿ ಕಲಿಸಬೇಕು. ಅನುಭವಸ್ಥ ಶಿಕ್ಷಕರೊಬ್ಬರು ಹಿಂದೆ ಕೂತು ನೋಡುತ್ತಿರುತ್ತಾರೆ. ನಮ್ಮಲ್ಲಿ ಟಿ.ಸಿ.ಎಚ್., ಬಿ.ಇಡಿ. ಮಾಡುವವರು ಶಾಲೆಗೆ ಹೋಗಿ ಪಾಠ ಮಾಡುತ್ತಿದ್ದರಲ್ಲ, ಹಾಗೆಯೇ. ಇದೆಲ್ಲ ಮುಗಿದ ಮೇಲೆ ಆಯಾ ರಾಜ್ಯದ ಪರವಾನಗಿ ಪಡೆದು ಸರ್ಕಾರಿ ಶಾಲೆಯಲ್ಲಿ ಕೆಲಸಕ್ಕೆ ಸೇರಬಹುದು.

ಬಾಯಿ ಆಡಿಸು, ದನಿ ತೆಗೀಬೇಡ

ಹಿರಿಯರೇ, ಈಗ ನಿಮ್ಮನ್ನೊಂದು ಮಾತು ಕೇಳುತ್ತೇನೆ. ಶಾಲೆಯಲ್ಲಿ ಸ್ವಾತಂತ್ರ್ಯ ದಿನದ ಹಾಡಿಗೆ ನಿಂತಾಗ, ನಿಮಗಾಗಲಿ ನಿಮ್ಮ ಪಕ್ಕದವರಿಗಾಗಲಿ ಯಾರಾದರೂ ಹೀಗೆ ಹೇಳಿದ್ದುಂಟೇ? “ನೀನು ಬಾಯಿ ಆಡಿಸು ಸಾಕು, ದನಿ ತೆಗೀಬೇಡ.”

ಈ ಒಂದು ಮಾತು ಕೇಳಿ, ಆಮೇಲೆ ಅರುವತ್ತು ವರ್ಷ ಬಾಯಿ ಬಿಟ್ಟು ಹಾಡದವರು ನಮ್ಮ ಊರೂರಲ್ಲೂ ಇದ್ದಾರೆ. ಮಗುವಿಗೆ ಲಾಲಿ ಹಾಡಲೂ ನಾಚುತ್ತಾರೆ. “ನನಗೆ ಸಂಗೀತದ ಕಿವಿ ಇಲ್ಲ” ಎನ್ನುತ್ತಾರೆ. ಸ್ವರದ ಭೇದವೇ ತಿಳಿಯದವರು ನಿಜಕ್ಕೂ ಇದ್ದಾರೆ, ಆದರೆ ಅಂಥವರು ಬಹಳ ವಿರಳ. ಉಳಿದವರಿಗೆ ಬೇಕಾಗಿದ್ದದ್ದು ಕಿವಿಯಲ್ಲ, ಇನ್ನೊಂದು ಸ್ವಲ್ಪ ಹೊತ್ತು, ಸರಿಯಾದ ಶ್ರುತಿ, ಮತ್ತು ಎಲ್ಲಿ ತಪ್ಪಿತು ಎಂದು ಕಂಡುಹಿಡಿಯಬಲ್ಲ ಒಬ್ಬ ಟೀಚರು. “ನಿನಗೆ ಬರುವುದಿಲ್ಲ” ಎಂದು ಹೇಳಲು ಯಾವ ಓದೂ ಬೇಡ. ಏಕೆ ಬರುತ್ತಿಲ್ಲ ಎಂದು ತಿಳಿಯಲು ನಾಲ್ಕು ವರ್ಷ ಬೇಕು.

ಹಂಗೇರಿ ದೇಶದ ದೊಡ್ಡ ಸಂಗೀತಗಾರ ಜೋಲ್ತಾನ್ ಕೊದಾಯ್ (1882–1967) ಇದನ್ನೇ ಬಹಳ ಖಾರವಾಗಿ ಹೇಳಿದ್ದರು. ಅವರ ದೇಶದಲ್ಲಿ ಕಿಶ್ವಾರ್ದಾ ಎಂಬ ಚಿಕ್ಕ ಊರಿದೆ. ರಾಜಧಾನಿ ಬುಡಾಪೆಸ್ಟ್‌ನ ದೊಡ್ಡ ಸಂಗೀತ ರಂಗಮಂದಿರಕ್ಕೆ ಯಾರು ನಿರ್ದೇಶಕರು ಎನ್ನುವುದಕ್ಕಿಂತ, ಕಿಶ್ವಾರ್ದಾದ ಶಾಲೆಯಲ್ಲಿ ಯಾರು ಹಾಡು ಕಲಿಸುತ್ತಾರೆ ಎನ್ನುವುದು ಹೆಚ್ಚು ಮುಖ್ಯ ಎಂದರು ಅವರು. ಕಾರಣವನ್ನೂ ಕೊಟ್ಟರು. ರಾಜಧಾನಿಯ ನಿರ್ದೇಶಕ ಕೆಟ್ಟವನಾದರೆ ಸೋಲುವುದು ಅವನೊಬ್ಬನೇ, ಬೇಗ ಹೊರಗೆ ಹೋಗುತ್ತಾನೆ. ಕೆಟ್ಟ ಟೀಚರು ಮೂವತ್ತು ವರ್ಷ ಅಲ್ಲೇ ಇದ್ದು, ಮೂವತ್ತು ತಂಡದ ಮಕ್ಕಳಲ್ಲಿ ಸಂಗೀತದ ಪ್ರೀತಿಯನ್ನೇ ಒಣಗಿಸಿಬಿಡಬಹುದು. ಈ ಲೆಕ್ಕವನ್ನು ತಿರುಗಿಸಿ ಹಾಕಿ. ಒಳ್ಳೆಯ ಟೀಚರು ಒಬ್ಬರಿದ್ದರೆ ಮೂವತ್ತು ತಂಡದ ಮಕ್ಕಳು ಬಾಳೆಲ್ಲ ಹಾಡಿಕೊಂಡಿರುತ್ತಾರೆ.

ಕೊದಾಯ್ ಬರೀ ಮಾತಾಡಲಿಲ್ಲ. ಮಕ್ಕಳು ಮೊದಲು ತಮ್ಮ ಊರಿನ ಜನಪದ ಹಾಡುಗಳನ್ನೇ ಕಲಿಯಬೇಕು, ಎಲ್ಲರ ಬಳಿಯೂ ಇರುವ ವಾದ್ಯ ಗಂಟಲು, ಅಲ್ಲಿಂದ ಶುರುವಾಗಬೇಕು ಎಂದು ಪಾಠದ ಕ್ರಮ ಕಟ್ಟಿದರು. ಒಂದೊಂದು ಸ್ವರಕ್ಕೂ ಕೈಯಲ್ಲಿ ಒಂದೊಂದು ಗುರುತು. ‘ಡೊ’ ಎಂದರೆ ಮುಷ್ಟಿ. ಸ್ವರ ಏರಿದಂತೆ ಕೈಯೂ ಏರುತ್ತದೆ. ಕಣ್ಣಿಗೆ ಕಾಣದ ಸ್ವರ ಮಗುವಿನ ಕಣ್ಣಿಗೆ ಕಾಣತೊಡಗುತ್ತದೆ. ಈ ಕೈಗುರುತು ಇಂಗ್ಲೆಂಡಿನಲ್ಲಿ ಜಾನ್ ಕರ್ವೆನ್ ಎಂಬವರು ಮೊದಲೇ ಮಾಡಿಟ್ಟದ್ದು. ಕೊದಾಯ್ ಅವರೂ ಶಿಷ್ಯರೂ ಅದನ್ನು ಎತ್ತಿಕೊಂಡು ಬೆಳೆಸಿದರು. ಇಂದು ಅಮೆರಿಕದಲ್ಲಿ ಈ ಪದವಿ ಓದುವವರು ಕೊದಾಯ್ ಪದ್ಧತಿಯ ಪರಿಚಯವಿಲ್ಲದೆ ಹೊರಬರುವುದು ಅಪರೂಪ.

ಗೋಡೆಯ ಮೇಲೆ ಕೈಯಿಟ್ಟು

ಕಲಿಸುವ ವಿದ್ಯೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದು ಕಥೆ ಹೇಳುತ್ತೇನೆ. ಇದು ನಿಜವಾದದ್ದು.

ಸ್ಕಾಟ್ಲೆಂಡಿನಲ್ಲಿ 1965ರಲ್ಲಿ ಎವೆಲಿನ್ ಗ್ಲೆನಿ ಎಂಬ ಹುಡುಗಿ ಹುಟ್ಟಿದಳು. ಎಂಟನೇ ವಯಸ್ಸಿನ ಹೊತ್ತಿಗೆ ಕಿವಿ ಮಂದವಾಗತೊಡಗಿತು. ಹನ್ನೆರಡಾಗುವಷ್ಟರಲ್ಲಿ ಬಹುತೇಕ ಕೇಳಿಸುವುದೇ ನಿಂತಿತು. ಅವಳಿಗೆ ತಾಳವಾದ್ಯ ಕಲಿಯುವ ಆಸೆ. “ಕಿವಿ ಕೇಳದವಳಿಗೆ ಸಂಗೀತವೇ?” ಎನ್ನುವುದು ಸುಲಭವಿತ್ತು. ಶಾಲೆಯ ತಾಳವಾದ್ಯದ ಮೇಷ್ಟ್ರು ಹಾಗೆನ್ನಲಿಲ್ಲ. ಅವಳ ಕೈಗಳನ್ನು ಕೋಣೆಯ ಗೋಡೆಯ ಮೇಲೆ ಇಡಿಸಿ, ತಾವು ದೊಡ್ಡ ನಗಾರಿಗಳನ್ನು ಬಾರಿಸಿದರು. ಈ ನಾದ ಮೈಯಲ್ಲಿ ಎಲ್ಲಿ ತಟ್ಟುತ್ತದೆ, ಆ ನಾದ ಎಲ್ಲಿ ತಟ್ಟುತ್ತದೆ ಎಂದು ಗಮನಿಸಲು ಹೇಳಿಕೊಟ್ಟರು. ತಗ್ಗಿನ ನಾದ ಕಾಲಿನಲ್ಲಿ, ಮೇಲಿನ ನಾದ ಮುಖದಲ್ಲಿ, ಕೊರಳಲ್ಲಿ. ಅವಳು ಮೈಯಿಂದಲೇ ಕೇಳಲು ಕಲಿತಳು. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಓದಿ, ಲೋಕವೆಲ್ಲ ಸುತ್ತಿ ಕಛೇರಿ ಕೊಟ್ಟಳು.

ನಮ್ಮಲ್ಲೂ ಇಂಥ ಗುರುಗಳಿದ್ದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣು ಕಾಣುತ್ತಿರಲಿಲ್ಲ. ಕಣ್ಣಿಲ್ಲದ ಮಕ್ಕಳನ್ನು, ದಿಕ್ಕಿಲ್ಲದ ಮಕ್ಕಳನ್ನು ಕರೆತಂದು ಅನ್ನ ಹಾಕಿ ಹಾಡು ಕಲಿಸಿದರು. ಆ ಮಕ್ಕಳಲ್ಲಿ ಅನೇಕರು ಗಾಯಕರಾದರು. ಇನ್ನೂ ಅನೇಕರು ಸಂಗೀತದ ಮೇಷ್ಟರಾಗಿ, ತಾವೂ ಬದುಕಿ, ಬೇರೆ ಊರುಗಳ ಮಕ್ಕಳನ್ನೂ ಹಾಡಿಸಿದರು. ಒಂದು ಆಶ್ರಮದಲ್ಲಿ ಹಚ್ಚಿದ ದೀಪದಿಂದ ಎಷ್ಟೋ ಮನೆಗಳ ದೀಪ ಹತ್ತಿಕೊಂಡವು.

ಹಾಗಾದರೆ ಏನು ಹೇಳಬೇಕು?

ತುಮಕೂರಿನ ತಾತನವರೇ, ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ.

ದುಡ್ಡಿನ ಮಾತು ಮೊದಲು. ಇದು ಸಾಫ್ಟ್‌ವೇರ್ ಸಂಬಳದ ಕೆಲಸವಲ್ಲ, ಶಾಲಾ ಶಿಕ್ಷಕರ ಸಂಬಳದ ಕೆಲಸ. ಅಮೆರಿಕದಲ್ಲಿ ಕಾಲೇಜಿನ ಖರ್ಚು ದೊಡ್ಡದು. ಶಾಲೆಗಳಿಗೆ ಹಣದ ಮುಗ್ಗಟ್ಟು ಬಂದಾಗ ಕತ್ತರಿ ಬೀಳುವ ಪಾಠಗಳಲ್ಲಿ ಸಂಗೀತವೂ ಒಂದು. ಇದನ್ನು ಮುಚ್ಚಿಡುವುದು ಬೇಡ. ಅದೇ ಹೊತ್ತಿಗೆ, ಬರೀ ಕಛೇರಿಯನ್ನೇ ನಂಬಿದ ಬದುಕಿಗಿಂತ ಇದರಲ್ಲಿ ನೆಲೆ ಗಟ್ಟಿ. ತಿಂಗಳು ತಿಂಗಳು ಸಂಬಳ, ಬೇಸಿಗೆ ರಜೆ, ಕೊನೆಗೆ ಪಿಂಚಣಿ. ನೀವು ಬ್ಯಾಂಕಿನವರು, ಲೆಕ್ಕ ನಿಮಗೇ ಚೆನ್ನಾಗಿ ಗೊತ್ತು. ಮಗನ ಜೊತೆ ಕೂತು ನಾಲ್ಕು ವರ್ಷದ ಖರ್ಚು, ವಿದ್ಯಾರ್ಥಿವೇತನ ಎರಡನ್ನೂ ಹಾಳೆಯ ಮೇಲೆ ಬರೆದು ನೋಡಿ.

ಆಮೇಲೆ ಕಾಲೇಜನ್ನು ಕೇಳಬೇಕಾದ ಮಾತು. ಈ ಪದವಿ ಮುಗಿಸಿದರೆ ಆ ರಾಜ್ಯದ ಶಿಕ್ಷಕರ ಪರವಾನಗಿ ಸಿಗುತ್ತದೆಯೇ? ಬೇರೆ ರಾಜ್ಯಕ್ಕೆ ಹೋದರೆ ನಡೆಯುತ್ತದೆಯೇ? ಶಾಲೆಯಲ್ಲಿ ಕಲಿಸುವ ಸೆಮಿಸ್ಟರ್ ಎಲ್ಲಿ, ಹೇಗೆ? ಬಣ್ಣದ ಪುಸ್ತಿಕೆ ನೋಡಿ ಸೇರಬಾರದು.

ಕೊನೆಗೆ ಮೊಮ್ಮಗಳನ್ನೇ ಕೇಳಬೇಕಾದದ್ದು. “ನಿನಗೆ ಸಂಗೀತ ಇಷ್ಟವೇ?” ಎಂದು ಕೇಳಬೇಡಿ, ಅದು ಗೊತ್ತೇ ಇದೆ. “ನಿನಗೆ ಮಕ್ಕಳು ಇಷ್ಟವೇ? ಒಂದೇ ಸಾಲನ್ನು ಇಪ್ಪತ್ತು ಸಲ ತಪ್ಪು ಹಾಡಿದರೂ ಇಪ್ಪತ್ತೊಂದನೇ ಸಲ ಕೇಳುವ ತಾಳ್ಮೆ ಇದೆಯೇ?” ಎಂದು ಕೇಳಿ. ಉತ್ತರ ಅವಳಿಗೇ ತಿಳಿಯದಿದ್ದರೆ, ಹತ್ತಿರದ ಪ್ರಾಥಮಿಕ ಶಾಲೆಯ ಸಂಗೀತದ ತರಗತಿಯಲ್ಲಿ ಅನುಮತಿ ಪಡೆದು ಒಂದು ವಾರ ಕೂತು ಬರಲಿ. ವೇದಿಕೆಯ ಬೆಳಕನ್ನೇ ಬಯಸುವವರಿಗೆ ಈ ಓದು ಬೇಸರ ತರಿಸುತ್ತದೆ. ಮಗುವಿನ ಮೊದಲ ಸರಿಯಾದ ಸ್ವರ ಕೇಳಿ ಮುಖ ಅರಳುವವರಿಗೆ ಇದಕ್ಕಿಂತ ಒಳ್ಳೆಯ ಓದಿಲ್ಲ. ಅವಳು ಎರಡನೆಯ ಗುಂಪಿನವಳಾದರೆ, “ಹೋಗಿ ಬಾ ಮಗಳೇ” ಎನ್ನಿ. ನನ್ನ ಮಾತು ಇಷ್ಟೇ.

ಇಲ್ಲೇ ಇರುವ ಮಕ್ಕಳಿಗೂ ಒಂದು ಮಾತು. ನಮ್ಮ ರಾಜ್ಯದಲ್ಲಿ ಸಂಗೀತದ ಪದವಿ ಓದಲು ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಸಂಗೀತ ಕಲಿಯಬಹುದು. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ದಾರಿಯೂ ಇದೆ. ಇವುಗಳಲ್ಲಿ ಹಾಡುಗಾರಿಕೆಯೂ ಶಾಸ್ತ್ರವೂ ಚೆನ್ನಾಗಿ ಸಿಗುತ್ತವೆ. ಆದರೆ ನಮ್ಮ ಬಹುಪಾಲು ಶಾಲೆಗಳಲ್ಲಿ ಸಂಗೀತಕ್ಕೆಂದೇ ಒಬ್ಬ ಟೀಚರಿಲ್ಲ. ಹಾಡು ಬರುವ ನೀವು ಹಾಡಿಸುವುದನ್ನೂ ಕಲಿತರೆ, ನಿಮ್ಮ ತಾಲ್ಲೂಕಿನ ಶಾಲೆಗೆ ನೀವೇ ಆ ಕಿಶ್ವಾರ್ದಾದ ಒಳ್ಳೆಯ ಟೀಚರು.

ಈ ವಾರದ ಕೆಲಸ

ಎಂದಿನಂತೆ ಮನೆಯಲ್ಲಿ ಮಾಡಲು ಒಂದು ಕೆಲಸ. ಈ ಸಲ ಇಬ್ಬರು ಬೇಕು, ಒಬ್ಬರು ಹಿರಿಯರು, ಒಬ್ಬರು ಕಿರಿಯರು.

ಅಜ್ಜಿಗೋ ಅಜ್ಜನಿಗೋ ಬರುವ, ಮೊಮ್ಮಗುವಿಗೆ ಬಾರದ ಒಂದು ಹಾಡು ಆರಿಸಿ. ಬೀಸುವ ಕಲ್ಲಿನ ಪದ, ಲಾಲಿ, ಕೋಲಾಟದ ಹಾಡು ಯಾವುದಾದರೂ ಸರಿ. ಮೊದಲು ಹಿರಿಯರು ಪೂರ್ತಿ ಹಾಡಲಿ, ಕಿರಿಯರು ಸುಮ್ಮನೆ ಕೈತಟ್ಟುತ್ತ ಕೇಳಲಿ. ಆಮೇಲೆ ಒಂದೇ ಸಾಲು, ಅವರು ಹಾಡಲಿ, ಇವರು ಹೇಳಲಿ. ಮಗುವಿಗೆ ಶ್ರುತಿ ಎಟುಕದಿದ್ದರೆ ಹಿರಿಯರು ಸ್ವಲ್ಪ ಏರಿಸಿಕೊಳ್ಳಲಿ. ಇನ್ನೊಂದು ಮುಖ್ಯ ನಿಯಮ: ಮಗು ಹಾಡುವಾಗ ಹಿರಿಯರು ಜೊತೆಗೆ ಹಾಡಬಾರದು, ಕೇಳಬೇಕು. ಜೊತೆಗೆ ಹಾಡಿದರೆ ಎಲ್ಲಿ ತಪ್ಪಿತು ಎಂದು ಗೊತ್ತಾಗುವುದೇ ಇಲ್ಲ. ತಪ್ಪಿದ ಕಡೆ ಬೈಯುವಂತಿಲ್ಲ, ಆ ಎರಡು ಸ್ವರವನ್ನು ಮಾತ್ರ ಮತ್ತೆ ಹಾಡಿಸಬೇಕು.

ಹಾಡು ಬಂದ ಮೇಲೆ ಪಾತ್ರ ಬದಲಿಸಿ. ಈಗ ಮಗು ಟೀಚರು. ಶಾಲೆಯ ಹಾಡೊಂದನ್ನು ಅಜ್ಜನಿಗೆ ಕಲಿಸಬೇಕು. “ನನ್ನ ದನಿ ಚೆನ್ನಾಗಿಲ್ಲ ಕಣೋ” ಎಂದು ಅಜ್ಜ ಜಾರಿಕೊಳ್ಳಲು ನೋಡಿದರೆ ಬಿಡಬೇಡಿ. ಸರಿಯಾದ ಶ್ರುತಿ ಹುಡುಕಿಕೊಡುವುದು ಟೀಚರ ಕೆಲಸ.

ಯಾವ ಹಾಡು ಕಲಿಸಿದಿರಿ, ಎಲ್ಲಿ ಕಷ್ಟವಾಯಿತು, ಹೇಗೆ ಸರಿಮಾಡಿದಿರಿ ಎಂದು ಒಂದು ಕಾರ್ಡು ಬರೆದು ಹಾಕಿ. ಮುಂದಿನ ವಾರ ಸಿಗೋಣ.